ಗೇಟಿನ ಮೇಲಿನ ಮುಖ

ಕೈಯಲ್ಲಿದ್ದ ಮೆಣಸಿನಕಾಯಿ ಬುಟ್ಟಿ ಜಾರಿ ಬಿದ್ದದ್ದು ರೋಸಿತ್ಸಾಗೆ ಗೊತ್ತೇ ಆಗಲಿಲ್ಲ. ಅವಳ ಮನೆಯ ಗೇಟಿಗೆ ಮಗ ಕಮೆನನ ಫೋಟೋ ಅಂಟಿಸಿದ್ದರು. ಸುತ್ತ ಕಪ್ಪು ಅಂಚು, ಮೇಲೊಂದು ಶಿಲುಬೆ. ಕೆಳಗಿನ ಅಕ್ಷರ ಓದಲು ಕನ್ನಡಕವಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಬಲ್ಗೇರಿಯಾದ ಆ ಬೆಟ್ಟದೂರಿನಲ್ಲಿ ಸಾವಿನ ಸುದ್ದಿ ಗೇಟಿಗೆ ಬರುವುದೇ ಹೀಗೆ. ಗಂಡನ ಫೋಟೋ ಕೂಡ ಇದೇ ಜಾಗದಲ್ಲಿ ಬಿಸಿಲಿಗೆ ಬಿಳಿಚಿ ಹೋಗಿತ್ತು.

ಎರಡು ವಾರದ ಸುವಾರ್ತೆ ಸೇವೆಗೆಂದು ಅಮೆರಿಕದಿಂದ ಬಂದವರಿಗೆ ಕಮೆನ್ ದುಭಾಷಿ. ಬೆಳಿಗ್ಗೆ ಅವರ ವ್ಯಾನು ಹತ್ತಿ ಘಾಟಿಯ ಕಡೆ ಹೋಗಿದ್ದ. "ಆ ರಸ್ತೇಲಿ ಬೇಡ ಕಣೋ" ಅಂದಿದ್ದಳು. ಪಕ್ಕದ ಮನೆಯ ಸ್ತಾನ್ಕಾ ಆಗಲೇ ತಲೆಗೆ ಕಪ್ಪು ಬಟ್ಟೆ ಕಟ್ಟಿ, ಮೇಣದಬತ್ತಿ ಹಿಡಿದು ಬಂದಳು. "ಹೇಗಾಯ್ತು ಅಂತ ಕೇಳಲ್ಲ ಕಣೆ. ಮೊದ್ಲು ನೀನು ಕೂತ್ಕೋ."

ಆಗ ವ್ಯಾನು ಬಂದು ನಿಂತಿತು. ಇಳಿದವನು ಕಮೆನ್. "ಯಾಕಮ್ಮ, ಯಾರು ಹೋದ್ರು?" ಎಂದವನು ಗೇಟಿನ ಮೇಲೆ ತನ್ನದೇ ಮುಖ ಕಂಡ. ಬೀದಿಯ ತುದಿಯಿಂದ ಅಂಟಿನ ಡಬ್ಬಿ ಹಿಡಿದ ಅಮೆರಿಕದ ಹುಡುಗಿ ಕೋರಾ ನಗುತ್ತ ಬಂದಳು. "ಶನಿವಾರ ಪ್ರಾರ್ಥನೆ ಕೂಟದಲ್ಲಿ ಕಮೆನ್ ಹಾಡ್ತಾನೆ ಅಮ್ಮ," ಎಂದಳು, ಕಲಿತಷ್ಟು ಭಾಷೆಯಲ್ಲಿ. "ಈ ಪೋಸ್ಟರ್ ಊರಿಗೆಲ್ಲ ಅಂಟಿಸಿದೀನಿ. ಚರ್ಚಿನ ಬಾಗಿಲಿಗೂ."

ರೋಸಿತ್ಸಾ ಮಗನ ಮುಖವನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದಳು. ಅಷ್ಟರಲ್ಲಿ ಚರ್ಚಿನ ಗಂಟೆ, ಸತ್ತವರಿಗೆ ಮಾತ್ರ ಬಾರಿಸುವ ಹಾಗೆ, ತಡೆತಡೆದು ಬಡಿಯತೊಡಗಿತು. ಅವಳು ಎರಡೂ ಅಂಗೈಗಳಿಂದ ಮಗನ ಕಿವಿ ಗಟ್ಟಿಯಾಗಿ ಮುಚ್ಚಿದಳು.