ಗಂಧದ ಹಾರ

ಗೋಡೆಯ ಮೇಲಿದ್ದ ಅಪ್ಪನ ಫೋಟೊ ಗಂಧದ ಹಾರದ ಸಮೇತ ಕಾಣೆಯಾಗಿತ್ತು.

ಹಲ್ಲಿ ಬೀಳಿಸಿರಬಹುದು ಎಂದುಕೊಂಡು ಉರ್ಸುಲಾ ಮಂಚದ ಕೆಳಗೆ ಬಗ್ಗಿ ನೋಡಿದಳು. ಬಾಗಿಲ ಸಂದಿಯಲ್ಲೂ ನೋಡಿದಳು. ಗೋಡೆಯಲ್ಲಿ ಮೊಳೆ ಮಾತ್ರ ಉಳಿದಿತ್ತು. ಜರ್ಮನಿಯಿಂದ ತಂದಿದ್ದ ಕಾಫಿಪುಡಿಯ ಡಬ್ಬಿಯೂ ಇರಲಿಲ್ಲ. ಹಲ್ಲಿ ಕಾಫಿ ಕುಡಿಯುವುದಿಲ್ಲ.

ಕೋಣೆಗೆ ಇದ್ದದ್ದು ಎರಡು ಕೀಲಿಕೈ. ಒಂದು ಅವಳದು. ಇನ್ನೊಂದು ಮನೆಯೊಡತಿ ಹುಲಿಗೆಮ್ಮಳ ಸೊಂಟದಲ್ಲಿ.

ಕಾಫಿಪುಡಿ ಹೋದರೆ ಹೋಗಲಿ. ಫೋಟೊ ಹಾಗಲ್ಲ. ಅಪ್ಪನನ್ನು ಅವಳು ಕೊನೆಯದಾಗಿ ಕಂಡದ್ದು ವಿಮಾನ ನಿಲ್ದಾಣದಲ್ಲಿ. ಅವನು ಅಳಲಿಲ್ಲ. ಅವಳ ಬ್ಯಾಗಿನ ಬೆಲ್ಟು ಬಿಗಿಮಾಡಿದ, ಬಿಗಿಯಾಗಿದ್ದದ್ದನ್ನೇ ಮತ್ತೆ ಬಿಗಿಮಾಡಿದ. ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡಲು ಸ್ವಯಂಸೇವಕಿಯಾಗಿ ನ್ಯಾಮತಿಗೆ ಬಂದವಳಿಗೆ ಕೋಣೆಯಲ್ಲಿ ಆ ಮುಖವೊಂದೇ ಜೊತೆ.

ಹಾಗೆ ನೋಡಿದರೆ ಮಕ್ಕಳು ಇಂಗ್ಲಿಷ್ ಕಲಿತದ್ದಕ್ಕಿಂತ ಅವಳು ನಗೆಪಾಟಲಾದದ್ದೇ ಹೆಚ್ಚು. ಹೊನ್ನಾಳಿಯ ಗೃಹಪ್ರವೇಶದಲ್ಲಿ ಎಲ್ಲರೂ ಹಾಲು ಉಕ್ಕುವುದನ್ನೇ ಕಾಯುತ್ತ ನಿಂತಿದ್ದಾಗ ಇವಳು ಓಡಿಹೋಗಿ ಒಲೆ ಆರಿಸಿದ್ದಳು. ಶಹಬ್ಬಾಸ್ ಎನ್ನುತ್ತಾರೆಂದು ಸುತ್ತ ನೋಡಿದ್ದಳು ಬೇರೆ. ಚನ್ನಗಿರಿಯ ಮದುವೆಯಲ್ಲಿ ಕೈಗೆ ಕೊಟ್ಟ ಅಕ್ಷತೆಯನ್ನು ಬಾಯಿಗೆ ಹಾಕಿಕೊಂಡು, ಅಕ್ಕಿ ಬೆಂದಿಲ್ಲ ಎಂದು ಪಕ್ಕದವರಿಗೆ ತಿಳಿಸಿದ್ದಳು. ಆಮೇಲೆ, ಮೊದಲು ನೋಡಿ ನಂತರ ಇಲ್ಲಿನವರಂತೆಯೇ ಮಾಡುವುದೆಂದು ನಿಶ್ಚಯಿಸಿಕೊಂಡಳು.

ಅಪ್ಪನ ಫೋಟೊದ ವಿಷಯದಲ್ಲಿ ಮಾತ್ರ ಅವಳು ಎಡವಿರಲಿಲ್ಲ. ನಡುಮನೆಯ ಫೋಟೊಗಳಿಗೆ ಇದ್ದಂಥದೇ ಹಾರವನ್ನು ಹೊನ್ನಾಳಿ ಪೇಟೆಯಲ್ಲಿ ಹುಡುಕಿ ತಂದು ಹಾಕಿದ್ದಳು. ಅದನ್ನು ಕಂಡ ಹುಲಿಗೆಮ್ಮ ಈ ಸಲ ನಗಲಿಲ್ಲ. ಸೆರಗನ್ನು ಬಾಯಿಗೊತ್ತಿಕೊಂಡು, ಕೈಮುಗಿದು ಹೊರಟುಹೋಗಿದ್ದಳು. ಆ ಸಂಜೆಯಿಂದ ಉರ್ಸುಲಾಳ ತಟ್ಟೆಗೆ ಎರಡೆರಡು ಚಮಚ ತುಪ್ಪ ಬೀಳತೊಡಗಿತ್ತು.

ಅದೇ ಹುಲಿಗೆಮ್ಮ ಈಗ ಹೀಗೆ ಮಾಡುವುದೇ? ಮೊನ್ನೆ ಅವಳ ಗಂಡ ಗಿಡ್ಡಪ್ಪ ಜಗಲಿಯಲ್ಲಿ ಕೂತು ಕೇಳಿದ ಪ್ರಶ್ನೆಗಳೂ ನೆನಪಾದವು.

“ನಿಮ್ಮಪ್ಪಾರ್ಗೆ ತಿನ್ನಾಕೆ ಏನಿಷ್ಟಾರೀ?”

“ಆಲೂಗಡ್ಡೆ. ಕಾಫಿ.”

“ಅಷ್ಟೇನಾ?” ಗಿಡ್ಡಪ್ಪ ಒಳಗೆ ಇಣುಕಿ ನೋಡಿ ದನಿ ತಗ್ಗಿಸಿದ್ದ. “ಗುಂಡು ಗಿಂಡು?”

“ಬಿಯರ್.”

“ಅದ್ಕೇನ್ ನಾಚ್ಕೆ ಬಿಡ್ರಿ. ನಮ್ಮಪ್ಪನ್ಗೂ ಹಂಗೇ, ಒಂದು ಗುಟುಕು ಬೀಳ್ದೆ ತುತ್ತು ಇಳೀತಿರ್ಲಿಲ್ಲ. ಆಳು ಎತ್ತರಾನಾ?”

“ನಿಮಗಿಂತ ಎತ್ತರ.”

“ನನಗಿಂತ ಎಲ್ರೂ ಎತ್ತರಾನೆ ಕಣವ್ವ. ಸರಿಯಾಗಿ ಹೇಳ್ರಿ.”

ಎತ್ತರ ವಿಚಾರಿಸುವ ಕಳ್ಳರನ್ನು ಅವಳು ಜರ್ಮನಿಯಲ್ಲೂ ಕಂಡಿರಲಿಲ್ಲ.

ಜಗಳೂರಿನಲ್ಲಿ ಇವಳಂತೆಯೇ ಪಾಠ ಹೇಳುತ್ತಿದ್ದ ಜರ್ಮನ್ ಗೆಳತಿ ಫೋನಿನಲ್ಲಿ ತೀರ್ಪು ಕೊಟ್ಟಳು: “ಆ ಮನೆ ಬಿಡು. ದಸರಾ ರಜೆಗೆ ಇಲ್ಲಿಗೇ ಬಾ.” ಉರ್ಸುಲಾ ಬ್ಯಾಗು ತುಂಬಿದಳು. ಹೊರಡುವ ಮುಂಚೆ ಎಲ್ಲರೆದುರು ಕೇಳಿಯೇಬಿಡುವುದೆಂದು ಕನ್ನಡಿಯ ಮುಂದೆ ಒಂದು ವಾಕ್ಯ ಉರು ಹೊಡೆದಳು. ‘ನನ್ನ ಅಪ್ಪನನ್ನು ಯಾಕೆ ಕದ್ದಿರಿ?’ ಫೋಟೊ ಎಂಬ ಮಾತೇ ಬಿಟ್ಟುಹೋದದ್ದು ಅವಳಿಗೆ ತಿಳಿಯಲಿಲ್ಲ. ಇದನ್ನು ಆಡಿದ ಮೇಲೆ ಈ ಮನೆಯ ಹೊಸಿಲು ಮತ್ತೆ ತುಳಿಯುವಂತಿಲ್ಲ ಎಂಬುದಂತೂ ತಿಳಿದಿತ್ತು. ತುಪ್ಪದ ನೆನಪಾದರೂ ಬ್ಯಾಗಿನ ಜಿಪ್ಪು ಎಳೆದಳು.

ಅಷ್ಟರಲ್ಲಿ ಹುಲಿಗೆಮ್ಮಳ ಮಗಳು ಸುಚಿತ್ರಾ ಬಾಗಿಲಿಗೆ ಬಂದಳು. ಉರ್ಸುಲಾ ಎಂಬ ಹೆಸರನ್ನು ಆ ಮನೆ ತನಗೆ ಬೇಕಾದಂತೆ ಪಳಗಿಸಿಕೊಂಡಿತ್ತು.

“ಅರಸಕ್ಕ, ಬರ್ರಿ, ಅವ್ವ ಕರೀತೈತೆ. ಅಯ್ಯ, ಬ್ಯಾಗ್ ಯಾಕೆ? ಅಮಾಸೆ ದಿನ ಯಾರಾರ ಊರು ಬಿಡ್ತಾರಾ?”

ಉರ್ಸುಲಾ ವಾಕ್ಯವನ್ನು ನಾಲಿಗೆಯ ತುದಿಯಲ್ಲಿಟ್ಟುಕೊಂಡೇ ನಡುಮನೆಗೆ ಕಾಲಿಟ್ಟಳು. ಅದು ಅಲ್ಲೇ ಉಳಿಯಿತು.

ಗೋಡೆಗೆ ಒರಗಿಸಿ ಇಟ್ಟಿದ್ದರು: ಗಿಡ್ಡಪ್ಪನ ತಂದೆ ಮುರುಗೇಶಪ್ಪ, ತಾಯಿ ಅಂತರಘಟ್ಟಮ್ಮ, ಅವರ ಪಕ್ಕದಲ್ಲಿ ಅವಳ ಅಪ್ಪ. ಮೂವರಿಗೂ ಹಾರ, ಮೂವರ ಹಣೆಗೂ ಕುಂಕುಮ. ಮುಂದೆ ಬಾಳೆ ಎಲೆಗಳಲ್ಲಿ ಕರಿಗಡುಬು, ವಡೆ. ಅಪ್ಪನ ಎಲೆಯಲ್ಲಿ ಮಾತ್ರ ಬೇಯಿಸಿದ ಆಲೂಗಡ್ಡೆಯ ಗುಡ್ಡೆ. ಲೋಟದಲ್ಲಿ ಅವಳದೇ ಕಾಫಿ, ಪಕ್ಕಕ್ಕೆ ಬಿಯರ್ ಬಾಟಲಿ. ಒಂದು ಹೊಸ ಬಿಳಿ ಅಂಗಿ, ಇಬ್ಬರು ಗಿಡ್ಡಪ್ಪಂದಿರು ಹಿಡಿಸುವಷ್ಟು ದೊಡ್ಡದು.

“ನಾನೊಬ್ಳೇ ಮಗಳು ಅಂದಿದ್ರಲ್ಲ,” ಹುಲಿಗೆಮ್ಮ ಕಣ್ಣೊರೆಸಿಕೊಂಡಳು. “ನೀವು ಇಲ್ಲಿ. ಅಲ್ಲಿ ಯಾರದಾರೆ ಎಡೆ ಇಡಾಕೆ? ಹಸ್ಕೊಂಡು ಇರ್ಬಾರ್ದು ಪಾಪ. ಕೇಳಿದ್ರೆ ಬ್ಯಾಡ ಅಂತೀರಿ ಅಂತ ಕೇಳ್ದೇ ತಂದ್ವಿ. ಸಿಟ್ಟಾಗಬ್ಯಾಡ್ರಿ.”

ಉರ್ಸುಲಾಳಿಗೆ ಅರ್ಧ ಅರ್ಥವಾಯಿತು. ಕಣ್ಣು ತುಂಬಲು ಅರ್ಧ ಸಾಕಾಗಿತ್ತು. ಕಳ್ಳಿ ಎನ್ನಲು ಬಂದವಳು ಹುಲಿಗೆಮ್ಮಳ ಎರಡೂ ಕೈ ಹಿಡಿದುಕೊಂಡಳು. ಅಂದು ಹಾಲು, ಆಮೇಲೆ ಅಕ್ಷತೆ, ಈಗ ಇದು. ತನ್ನ ಪೆದ್ದುತನ ಇಲ್ಲಿಗೆ ಮುಗಿಯಿತು ಎಂದುಕೊಂಡಳು.

ಗಿಡ್ಡಪ್ಪ ಕರ್ಪೂರ ಬೆಳಗಿದ. ಎಲ್ಲರನ್ನೂ ಜಗಲಿಗೆ ಕಳಿಸಿ, ತಾನೂ ಹೊರಬಂದು ಬಾಗಿಲು ಮುಚ್ಚಿದ.

“ಬಾಗಿಲು ಯಾಕೆ?” ಉರ್ಸುಲಾ ಪಿಸುಗುಟ್ಟಿದಳು.

“ಉಣ್ಣಾಕೆ ಬರ್ತಾರೆ,” ಎಂದಳು ಸುಚಿತ್ರಾ. “ನಾವು ನೋಡ್ಬಾರ್ದು.”

“ಯಾರು?”

“ಹಾರ ಹಾಕಿರೋರು, ಅರಸಕ್ಕ.”

ಉರ್ಸುಲಾ ಮುಚ್ಚಿದ ಬಾಗಿಲನ್ನೇ ನೋಡುತ್ತ ಜೇಬಿನಿಂದ ಫೋನು ಹೊರತೆಗೆದಳು.

ಒಳಗೆ ಏನೋ ಟಣ್ ಎಂದಿತು. ಗಿಡ್ಡಪ್ಪ ಮುಚ್ಚಿದ ಬಾಗಿಲಿಗೆ ಕೈಮುಗಿದ. “ಬಂದ್ರು. ಸದ್ದು ಬಾಟ್ಲಿ ಕಡೆಯಿಂದ್ಲೇ ಬಂತು. ನಿಮ್ಮಪ್ಪಾರೇ ಇರ್ಬೇಕು.”

ಆ ಕ್ಷಣಕ್ಕೇ ಅವಳ ಕೈಯಲ್ಲಿದ್ದ ಫೋನು ಬಡಿದುಕೊಂಡಿತು. ಬೆಚ್ಚಿಬಿದ್ದ ಅವಳ ಬೆರಳು ಹಸಿರು ಗುಂಡಿಗೆ ತಗುಲಿತು. ಹುಲಿಗೆಮ್ಮ, ಗಿಡ್ಡಪ್ಪ, ಸುಚಿತ್ರಾ ಮೂವರೂ ಬಗ್ಗಿದರು.

ಪರದೆಯ ಮೇಲೆ, ಹಾರವಿಲ್ಲದೆ, ಅಪ್ಪ ಕೈ ಬೀಸುತ್ತಿದ್ದ.