ಮೂರು ಸಲ ನೋಡಿದ ಮನೆ

ಮೂರನೆಯ ಸಲ ಬಂದಾಗಲೂ ಆ ಹೆಂಗಸು ಮನೆ ನೋಡಲಿಲ್ಲ. ಮೆಟ್ಟಿಲು ಹತ್ತಿ ನೇರವಾಗಿ ಮಹಡಿಯ ಕಿಟಕಿಯ ಬಳಿ ಹೋಗಿ ನಿಂತಳು.

ಬೊಂಗ್ ಮಿಸುಕ್ ಇಪ್ಪತ್ತೆರಡು ವರ್ಷಗಳಿಂದ ಯೊಂಗ್ದೊ ದ್ವೀಪದ ಗುಡ್ಡದ ಓಣಿಗಳಲ್ಲಿ ಮನೆ ಮಾರಿಸುತ್ತಿದ್ದಳು. ಹಡಗು ರಿಪೇರಿಯವರ ಕೇರಿ. ಮೊನ್ನೆಮೊನ್ನೆಯವರೆಗೆ ಕೇಳುವವರಿರಲಿಲ್ಲ. ಈಗ ಹಳೇ ಗೋದಾಮುಗಳೆಲ್ಲ ಕಾಫಿ ಅಂಗಡಿಗಳಾಗಿ, ಸೇತುವೆಯಾಚೆಯ ಬೂಸಾನಿನಿಂದ ಜನ ಹುಡುಕಿಕೊಂಡು ಬರುತ್ತಿದ್ದರು. ಬಂದವರು ಗೋಡೆ ತಟ್ಟುತ್ತಿದ್ದರು, ನಲ್ಲಿ ತಿರುಗಿಸುತ್ತಿದ್ದರು, ಸಮುದ್ರ ಕಾಣುತ್ತದೆಯೇ ಎಂದು ಕತ್ತು ಚಾಚುತ್ತಿದ್ದರು.

ಆ ಹೆಂಗಸೂ ಅವಳ ಗಂಡನೂ ಇದ್ಯಾವುದನ್ನೂ ಮಾಡಲಿಲ್ಲ. ಮಿಸುಕ್ ಆರು ಮನೆ ತೋರಿಸಿದ್ದಳು. ಅವರು ಆರಿಸಿದ್ದು ಎಲ್ಲಕ್ಕಿಂತ ಕೆಟ್ಟದ್ದನ್ನು. ಸಮುದ್ರಕ್ಕೆ ಬೆನ್ನು, ವಾಲಿದ ನೆಲ, ಚಾವಣಿಯ ತುಂಬ ಬೂಷ್ಟು. ಕಿಟಕಿಯಿಂದ ಕಾಣುವುದು ಎದುರುಮನೆಯ ಗೇಟೊಂದೇ.

"ಇದಕ್ಕಿಂತ ಒಳ್ಳೇದು ಮೇಲಿನ ಓಣೀಲಿದೆ ಯಜಮಾನ್ರೇ. ಇದು ಸೋರುತ್ತೆ. ನಾನೇ ಹೇಳ್ಬಾರ್ದು, ಆದ್ರೂ ಹೇಳ್ತಿದೀನಿ."

"ಸೋರಲಿ ಬಿಡಿ," ಎಂದ ಗಂಡ. ಹೆಸರು ಟಾಕ್ ಬ್ಯೊಂಗೂ. ಅರವತ್ತರ ಅಂಚಿನವನು, ಉಲ್ಸಾನಿನಲ್ಲಿ ದರ್ಜಿ. "ಎದುರುಮನೆ ತಾತ ದಿನಾ ಹತ್ತಕ್ಕೇ ಹೊರಗೆ ಬರ್ತಾರಾ?"

"ಬೆಕ್ಕುಗಳಿಗೆ ಊಟ ಹಾಕೋಕೆ ಬರ್ತಾರೆ. ಯಾಕೆ, ನಿಮಗೆ ಅವರ ಪರಿಚಯಾನಾ?"

"ಇನ್ನೂ ಗೊತ್ತಿಲ್ಲ."

ಅದೆಂಥ ಉತ್ತರವೋ ಮಿಸುಕ್‌ಗೆ ಅರ್ಥವಾಗಲಿಲ್ಲ. ನಲ್ಲಿ ನೋಡುವ ನೆಪದಲ್ಲಿ ಅವಳು ಅಡುಗೆಮನೆಗೆ ಸರಿದಳು. ಒಲೆಯ ಕಟ್ಟೆಯ ಮೇಲೆ ಹೆಂಗಸಿನ ಚೀಲವಿತ್ತು. ಅದರ ಪಕ್ಕದಲ್ಲಿ ಒಂದು ನೋಟ್‌ಬುಕ್ ತೆರೆದು ಬಿದ್ದಿತ್ತು. *ಮಂಗಳವಾರ, ಹತ್ತು ಐದು. ಒಬ್ಬನೇ. ಎಡಗಾಲು ಎಳೆಯುತ್ತಾನೆ. ಗುರುವಾರ, ಹತ್ತು ಗಂಟೆ. ಮಾಸ್ಕ್ ತೆಗೆಯಲಿಲ್ಲ.*

ಮಹಡಿಯಿಂದ ಹೆಂಗಸಿನ ದನಿ ಕೇಳಿತು. ಅಷ್ಟು ದಿನದಲ್ಲಿ ಅವಳು ಬಾಯಿಬಿಟ್ಟದ್ದು ಅದೇ ಮೊದಲು. "ಹೌದು."

"ಸರಿಯಾಗಿ ನೋಡಿದ್ಯಾ?" ಎಂದು ಗಂಡ ಕೇಳಿದ.

"ನಂಗೆ ಅನುಮಾನವೇ ಇಲ್ಲ."

ಕೆಳಗಿಳಿದು ಬಂದಾಗ ಟಾಕ್‌ನ ಮುಖ ಬಿಳಿಚಿಕೊಂಡಿತ್ತು. "ಸೋಮವಾರ ಬರ್ತೀವಿ. ಮನೆ ನಮಗೇ ಇರಲಿ," ಎಂದ. ಬಾಗಿಲಲ್ಲಿ ನಿಂತು ದನಿ ತಗ್ಗಿಸಿದ. "ಅಲ್ಲೀವರೆಗೆ ಎದುರುಮನೆಯವರಿಗೆ ನಮ್ಮ ವಿಷಯ ಹೇಳ್ಬೇಡಿ."

ಆ ಶನಿವಾರ ಮಧ್ಯಾಹ್ನ ಮಿಸುಕ್ ತನ್ನ ದಲ್ಲಾಳಿ ಅಂಗಡಿಯ ಬಾಗಿಲನ್ನು ಬೇಗ ಎಳೆದಳು.

ಎದುರುಮನೆಯ ಮಾ ತಾತ ಕೇರಿಗೆ ಬಂದು ಎಂಟು ವರ್ಷವಾಗಿತ್ತು. ಕಣ್ಣಿನವರೆಗೆ ಇಳಿದ ಟೋಪಿ, ಧೂಳು ಆಗದೆಂದು ಸದಾ ಮಾಸ್ಕ್. ವಾರಕ್ಕೊಮ್ಮೆ ಸುಟ್ಟ ಗೆಣಸು ಹಿಡಿದು ಮಿಸುಕ್‌ಳ ಅಂಗಡಿಗೆ ಬರುತ್ತಿದ್ದ. ತಾನು ತಿನ್ನುತ್ತಿರಲಿಲ್ಲ, ಅವಳು ತಿನ್ನುವುದನ್ನು ನೋಡುತ್ತ ಕೂರುತ್ತಿದ್ದ. "ಈ ವಾರ ಯಾರ್ಯಾರು ಬಂದಿದ್ರು ಮಗಳೇ? ಎಲ್ಲಿಯವರು? ಕೇರಿ ಮೇಲಕ್ಕೇರ್ತಾ ಇದೆ, ಕಂಡವರೆಲ್ಲ ನುಗ್ತಾರೆ. ನೋಡ್ಕೊಂಡು ಸೇರಿಸು." ಹತ್ತೊಂಬತ್ತಕ್ಕೇ ತಂದೆಯನ್ನು ಕಳೆದುಕೊಂಡವಳು ಮಿಸುಕ್. ಮಗಳೇ ಎನ್ನುವ ಇನ್ನೊಬ್ಬರು ಅವಳಿಗಿರಲಿಲ್ಲ.

ಪೊಲೀಸ್ ಚೌಕಿಯವರೆಗೆ ಹೋಗಿ ವಾಪಸ್ ಬಂದಳು. ಏನೆಂದು ಹೇಳುವುದು? ಗಿರಾಕಿಗಳು ಕಿಟಕಿಯಿಂದ ಹೊರಗೆ ನೋಡುತ್ತಾರೆ ಎಂದೇ?

ಭಾನುವಾರ ಬೆಳಿಗ್ಗೆ ಒಂದು ಡಬ್ಬಿ ಕಿಮ್ಚಿ ಉಪ್ಪಿನಕಾಯಿ ಹಿಡಿದು ಎದುರುಮನೆಯ ಗೇಟು ತಟ್ಟಿದಳು. ನಿಂತಲ್ಲೇ ಎಲ್ಲ ಹೇಳಿದಳು. ನೋಟ್‌ಬುಕ್, ಹತ್ತು ಗಂಟೆ, ಸೋಮವಾರ.

ಕೊನೆಗೆ ತಾತ ಒಂದೇ ಪ್ರಶ್ನೆ ಕೇಳಿದ. "ಆ ಹೆಂಗಸಿನ ಗಲ್ಲದ ಮೇಲೆ ಸುಟ್ಟ ಕಲೆ ಇದೆಯಾ?"

"ಇದೆ ತಾತ. ಯಾರವರು? ನಿಮಗೇನು ಮಾಡ್ತಾರೆ?"

"ಹಳೇ ದ್ವೇಷ ಮಗಳೇ. ಅವಳಿಗೆ ತಲೆ ಸರಿಯಿಲ್ಲ." ಅವನ ಕೈ ಅವಳ ತಲೆಯ ಮೇಲೆ ಬಂದು ಕೂತಿತು. "ನೀನು ನನ್ನ ಪ್ರಾಣ ಉಳಿಸಿದೆ."

ಮನೆಗೆ ಮರಳುವಾಗ ಮಿಸುಕ್‌ಳ ಕಣ್ಣು ತುಂಬಿತ್ತು. ಅಪ್ಪನಿಗೆ ಮಾಡಲಾಗದ್ದನ್ನು ಯಾರಿಗೋ ಮಾಡಿದೆನೆಂಬ ಸಮಾಧಾನ.

ಸೋಮವಾರ ಎದುರುಮನೆಯ ಗೇಟಿಗೆ ಬೀಗ ಬಿದ್ದಿತ್ತು. ಬೆಕ್ಕುಗಳು ಅದರ ಮುಂದೆ ಸಾಲಾಗಿ ಕೂತು ಅರಚುತ್ತಿದ್ದವು. ಅವಳಿಗೆ ಉಸಿರು ಹಗುರಾಯಿತು.

ಹತ್ತಕ್ಕೆ ಐದು ನಿಮಿಷವಿರುವಾಗ ದಂಪತಿ ಓಣಿ ಏರಿ ಬಂದರು. ಜೊತೆಗೆ ಇಬ್ಬರು ಗಟ್ಟಿಮುಟ್ಟಾದ ಗಂಡಸರಿದ್ದರು. ಮಿಸುಕ್ ಗೇಟಿಗೆ ಬೆನ್ನು ಕೊಟ್ಟು ನಿಂತಳು.

"ತಾತ ಇಲ್ಲ. ನಿನ್ನೇನೇ ಹೋದ್ರು. ಎಲ್ಲಾನೂ ನಾನೇ ಹೇಳಿ ಕಳಿಸಿದೆ. ಏನ್ ಮಾಡ್ತೀರೋ ನಂಗೆ ಮಾಡಿ."

ಬಂದವರಲ್ಲಿ ಒಬ್ಬ ಬೀಗವನ್ನು ನೋಡಿದ. ಫೋನ್ ಕಿವಿಗಿಟ್ಟು ಇಳಿಜಾರಿನಲ್ಲಿ ಓಡತೊಡಗಿದ. ಇನ್ನೊಬ್ಬ ಜೇಬಿನಿಂದ ಪೊಲೀಸ್ ಗುರುತುಚೀಟಿ ತೆಗೆದು ಅವಳ ಮುಂದೆ ಹಿಡಿದ. ಇನ್ನೊಂದು ಕೈಯಲ್ಲಿ ಮಡಿಸಿದ ಬಂಧನದ ವಾರಂಟ್ ಇತ್ತು.

ಟಾಕ್ ಮೆಟ್ಟಿಲ ಮೇಲೆ ಕುಸಿದು ಕೂತ. ಅವನ ಹೆಂಡತಿ ಕೂರಲಿಲ್ಲ. ಮಿಸುಕ್‌ಳ ಹತ್ತಿರ ಬಂದು ಮೊದಲ ಸಲ ಅವಳ ಮುಖವನ್ನೇ ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ.

"ನಮ್ಮ ಮಗಳನ್ನ ಎಲ್ಲಿ ಹೂತಿದಾನೆ ಅನ್ನೋದು ಅವನೊಬ್ಬನಿಗೇ ಗೊತ್ತಿತ್ತು ಕಣಮ್ಮ," ಎಂದಳು.