ಕೂಗದೆ ಹೆತ್ತವಳು

ಇದನ್ನು ಬರೆಯುವಾಗಲೂ ನನ್ನ ಕೋಪ ಇಳಿದಿಲ್ಲ.

ಮಗಳು ವಸುಮತಿಗೆ ಅದು ಚೊಚ್ಚಲ ಹೆರಿಗೆ. ಅಳಿಯ ನಟೇಶ ಲಾರಿ ಮೆಕ್ಯಾನಿಕ್.

ಮೂರು ತಿಂಗಳು ದಿನಾ ಸಂಜೆ ಆತ ಕೈಯ ಗ್ರೀಸ್ ತಿಕ್ಕಿ ತೊಳೆದು ಅವಳ ಬೆನ್ನ ಹಿಂದೆ ಕೂರುತ್ತಿದ್ದ. ಸೊಂಟ ಒತ್ತುತ್ತಾ ಮೆಲ್ಲಗೆ ಹೇಳುತ್ತಿದ್ದ...

"ನಾಲ್ಕೆಣಿಸಿ ಉಸಿರು ತಗೋ. ಎಂಟೆಣಿಸಿ ಬಿಡು. ಕೆರೆ ಏರಿ ಮೇಲೆ ಕೂತಿದ್ದೀವಿ, ಗಾಳಿ ಬರ್ತಿದೆ..."

ಹಿಪ್ನೋಬರ್ತಿಂಗ್ ಅಂತೆ. ಮನಸ್ಸನ್ನು ಶಾಂತವಾಗಿಟ್ಟುಕೊಂಡು ಹೆರುವ ಅಭ್ಯಾಸ. ಇಬ್ಬರೂ ಕ್ಲಾಸಿಗೆ ಹೋಗಿ ಕಲಿತಿದ್ದರು.

"ಹೆರೋದಕ್ಕೂ ಟ್ಯೂಷನ್ನಾ?" ಎಂದು ನಾನು ನಕ್ಕಿದ್ದೆ.

ಆ ದಿನ ನರ್ಸಿಂಗ್ ಹೋಮಿನಲ್ಲಿ ಸಿಸ್ಟರ್ ಹೇಳಿದರು, "ಜೊತೆಗೆ ಒಬ್ಬರೇ ಒಳಗೆ ಬನ್ನಿ."

ನಟೇಶ ಹೆಜ್ಜೆ ಇಟ್ಟಿದ್ದ. ನಾನೇ ತಡೆದೆ.

"ತಾಯಿ ನಾನಿರುವಾಗ ನೀವ್ಯಾಕೆ? ಗಂಡಸರಿಗೆ ಒಳಗೇನು ಕೆಲಸ?"

ಪಕ್ಕದ ಮಂಚದಲ್ಲಿ ಒಬ್ಬ ಹೆಣ್ಣುಮಗಳು ಚೀರುತ್ತಿದ್ದಳು. ಸಿಸ್ಟರ್ ಗದರಿದರು, "ಏನಮ್ಮಾ ಕೂಗಾಟ? ಪ್ರಪಂಚದಲ್ಲಿ ನೀನೊಬ್ಬಳೇನಾ ಹೆರ್ತಿರೋದು?"

ನನ್ನ ಮಗಳು ಕಣ್ಣು ಮುಚ್ಚಿ ಸುಮ್ಮನೆ ಉಸಿರಾಡುತ್ತಿದ್ದಳು. ಅವಳತ್ತ ಯಾರೂ ತಿರುಗಿ ನೋಡಲಿಲ್ಲ.

ನಾನೂ ನೋಡಲಿಲ್ಲ. ಬೀಗಿತ್ತಿಗೆ ಫೋನಿನಲ್ಲಿ ಹೇಳುತ್ತಿದ್ದೆ... "ಇನ್ನೂ ನೋವೇ ಶುರುವಾಗಿಲ್ಲ."

"ಅಮ್ಮಾ... ಅವರನ್ನ ಕರಿ," ಎಂದಳು.

"ಸುಮ್ನಿರೇ," ಎಂದೆ.

ಆಗ ಬಾಗಿಲ ಗಾಜನ್ನು ಯಾರೋ ದಬದಬ ಬಡಿದರು. ನಟೇಶ!

"ಅತ್ತೆ, ಅವಳ ಕಾಲ್ಬೆರಳು ನೋಡಿ! ಬೆಳಗ್ಗೆಯಿಂದ ನೋವು ಏರಿದಾಗೆಲ್ಲ ಹಾಗೇ ಮಡಚ್ತಾಳೆ. ಈಗ ಎರಡೆರಡು ನಿಮಿಷಕ್ಕೇ ಬರ್ತಿದೆ!"

"ನೀವೇನು ಡಾಕ್ಟ್ರೇನ್ರೀ?" ಸಿಸ್ಟರ್ ಸಿಡುಕಿದರು. "ಅವ್ರು ಕೂಗ್ತಾನೇ ಇಲ್ಲ. ಸಂಜೆ ಆಗುತ್ತೆ. ಹೋಗಿ ಕಾಫಿ ಕುಡ್ಕೊಂಡ್ ಬನ್ನಿ."

"ಸದ್ದಿಲ್ಲ ಅಂದ್ರೆ ಇಂಜಿನ್ ನಿಂತಿದೆ ಅಂತಲ್ಲ ಸಿಸ್ಟರ್... ಒಂದ್ಸಲ ನೋಡಿ, ನಿಮ್ಮ ಕಾಲಿಗೆ ಬೀಳ್ತೀನಿ."

ಹೊದಿಕೆಯಿಂದ ಹೊರಗಿದ್ದ ಅವಳ ಪಾದ ನೋಡಿದೆ. ಕಾಲ್ಬೆರಳುಗಳು ಮಡಚಿಕೊಂಡು ಬಿಳಿಚಿದ್ದವು. ಹಿಡಿಯಲು ಕೈ ಸಿಗದೆ, ತನ್ನ ಅಂಗೈಗೇ ಉಗುರು ಊರಿಕೊಂಡಿದ್ದಳು...

ಸಿಸ್ಟರ್ ಪರೀಕ್ಷಿಸಿದರು. ಮುಖ ಬಣ್ಣಗೆಟ್ಟಿತು. "ಅಯ್ಯೋ, ತಲೆ ಕಾಣ್ತಿದೆ! ಡಾಕ್ಟ್ರನ್ನ ಕರೀರಿ!"

ಅರವತ್ತು ವರ್ಷದಲ್ಲಿ ನಾನು ದನಿ ಏರಿಸಿದವಳಲ್ಲ. ಅವತ್ತು ಏರಿಸಿದೆ.

"ಕೂಗಿದವಳನ್ನ ಬೈತೀರಿ. ಕೂಗದವಳನ್ನ ನೋಡೋದೇ ಇಲ್ಲ. ನಿಮಗೆ ಇನ್ನೆಂಥ ಹೆಂಗಸು ಬೇಕಮ್ಮಾ?"

ಬಾಗಿಲು ತೆಗೆದು ಅಳಿಯನ ಕೈ ಹಿಡಿದು ಎಳೆದುತಂದೆ. "ಈ ಜಾಗ ನಿಮ್ಮದು. ನಾನು ಕಿತ್ತುಕೊಂಡಿದ್ದೆ."

ಆಯಾ ಒಬ್ಬಳು ಸ್ಟೂಲನ್ನು ತಲೆದಿಂಬಿನ ಹತ್ತಿರ ಸರಿಸಿಕೊಟ್ಟಳು.

"ಕೆರೆ ಏರಿ ಮೇಲಿದ್ದೀವಿ ಕಣೇ... ನಾನಿದ್ದೀನಿ..."

ನಾನು ಹೊರಗೆ ಬರುವ ಮುನ್ನ ನೋಡಿದೆ. ಮಗಳ ಕಾಲ್ಬೆರಳುಗಳು ಮೆಲ್ಲಗೆ ಬಿಡಿಸಿಕೊಂಡಿದ್ದವು.

ಸ್ವಲ್ಪ ಹೊತ್ತಿಗೆ ಒಳಗಿನಿಂದ ಜೋರಾಗಿ ಒಂದು ಕೂಗು ಕೇಳಿಸಿತು... ಮೊಮ್ಮಗಳದು.

ಮಗುವನ್ನು ನನ್ನ ಮಡಿಲಿಗೆ ಕೊಡುತ್ತಾ ವಸುಮತಿ ಕೇಳಿದಳು, "ಇನ್ನೂ ಕೋಪಾನಾ ಅಮ್ಮಾ?"

"ಹೂಂ ಕಣೇ. ಸಿಸ್ಟರ್ ಮೇಲೆ ಸ್ವಲ್ಪ... ಉಳಿದದ್ದೆಲ್ಲ ನನ್ನ ಮೇಲೇ."

ಅವಳು ನನ್ನ ಕಣ್ಣೊರೆಸಿದಳು. ಅವಳ ಅಂಗೈಯಲ್ಲಿ ಉಗುರಿನ ಗುರುತು ಇನ್ನೂ ಹಾಗೇ ಇತ್ತು.

ಕೂಗದವರಿಗೆ ನೋವಿಲ್ಲ ಎಂದುಕೊಳ್ಳುವುದು ಪಕ್ಕದಲ್ಲಿ ಕೂತವರ ತಪ್ಪು.

ನಿಮ್ಮ ಮನೆಯಲ್ಲೂ ಸದ್ದಿಲ್ಲದೆ ನೋವು ತಿನ್ನುತ್ತಿರುವವರು ಒಬ್ಬರಿರಬಹುದು... ಇವತ್ತು ಅವರ ಕೈ ಹಿಡಿದಿರಾ?